ಅರ್ಧ ಉತ್ತರ

ಪ್ರಿಂಟರಿನಿಂದ ಹೊರಬಂದ ನಾಲ್ಕು ಹಾಳೆಗಳು ಇನ್ನೂ ಬೆಚ್ಚಗಿದ್ದವು. ಶಾಂತರಾಜು ಅವನ್ನು ಜೋಡಿಸಿ ಮೂಲೆಗೆ ಪಿನ್ನು ಹೊಡೆದು, ಕೊನೆಯ ಹಾಳೆಯಲ್ಲಿ ತನ್ನ ಹೆಸರಿನ ಮೇಲೆ ಸಹಿಗೆಂದು ಬಿಟ್ಟಿದ್ದ ಖಾಲಿ ಜಾಗವನ್ನು ನೋಡುತ್ತ ಕುಳಿತ. ಇನ್ನೊಂದು ಗಂಟೆಯಲ್ಲಿ ಕೊಳ್ಳೇಗಾಲ ಬಿಟ್ಟು, ಹನೂರು ಸೇರಿ, ಈ ವರದಿಯನ್ನು ನಂಜಯ್ಯ ಎಂಬವರ ಕೈಗೆ ಕೊಟ್ಟರೆ ಅವನ ಕೆಲಸ ಮುಗಿಯಿತು. ಹಳ್ಳಿಗಳಲ್ಲಿ ಸೇವಾ ಕೇಂದ್ರ ನಡೆಸುವ ಒಂದು ಖಾಸಗಿ ಏಜೆನ್ಸಿಗೆ ನಂಜಯ್ಯ ಮೇಲ್ವಿಚಾರಕರು. ಆ ಕೇಂದ್ರಗಳಿಗೆ ಇಂಟರ್ನೆಟ್ ಲೈನ್ ಕೊಡುವ ಗುತ್ತಿಗೆ ಶಾಂತರಾಜು ಕೆಲಸ ಮಾಡುವ ಕಂಪನಿಯದು. ಲೊಕ್ಕನಹಳ್ಳಿಯ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಯಶೋದ ಎಂಬುವಳು ಲೈನ್ ಇಲ್ಲವೆಂದು ಸುಳ್ಳು ಹೇಳಿ ಜನರನ್ನು ವಾಪಸು ಕಳಿಸುತ್ತಾಳೆಂದು ಅವರಿಗೆ ದೂರು ಬಂದಿತ್ತು. ಮೂರು ತಿಂಗಳಲ್ಲಿ ಲೈನ್ ಒಂದು ದಿನವೂ ಹೋಗಿಲ್ಲವೆಂದು ಶಾಂತರಾಜುವಿನ ವರದಿ ಹೇಳುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅವಳ ಕೆಲಸ ಹೋಗುತ್ತಿತ್ತು. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಆದರೂ ಪೆನ್ನಿನ ಮುಚ್ಚಳ ತೆಗೆದವನು ಸಹಿ ಹಾಕಲಿಲ್ಲ. ಮೊದಲ ಹಾಳೆಯ ನೂರಕ್ಕೆ ನೂರು ಎಂಬ ಅಂಕಿ ಅವನನ್ನು ತಡೆಯಿತು. ಕೊಳ್ಳೇಗಾಲದ ಇದೇ ಆಫೀಸಿನ ಲೈನ್ ವಾರಕ್ಕೆ ಎರಡು ಸಲವಾದರೂ ಹೋಗುತ್ತದೆ. ಕಾಡಂಚಿನ ಲೊಕ್ಕನಹಳ್ಳಿಯದು ತೊಂಬತ್ತು ದಿನ ಒಮ್ಮೆಯೂ ಹೋಗಿಲ್ಲ. ಹೀಗೆ ಎಲ್ಲವೂ ಸರಿಯಾಗಿರುವುದು ಸರಿಯಲ್ಲ ಎಂದು ಒಳಗೆಲ್ಲೋ ಅನಿಸಿ, ಹಾಗೆ ಅನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಯಶೋದಳನ್ನು ಅವನು ಕಂಡಿರಲಿಲ್ಲ. ದನಿಯನ್ನು ಮಾತ್ರ ಬಲ್ಲ. ಮೂರು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಆ ದನಿ ಫೋನಿನಲ್ಲಿ ಬರುತ್ತಿತ್ತು. "ಸಾ, ಲೈನಿಲ್ಲ ಕಣ್ರಿ ಸಾ. ಜನ ನಿಂತವ್ರೆ." ಅವನು ಪರದೆಯ ಮೇಲಿನ ನಕ್ಷೆ ನೋಡುತ್ತಿದ್ದ. ಲೊಕ್ಕನಹಳ್ಳಿಯ ಚುಕ್ಕೆ ಹಸಿರು. "ಇಲ್ಲಿ ಚೆನ್ನಾಗೇ ಇದೆಯಲ್ಲಮ್ಮ. ನಿಮ್ಮ ಕಡೆ ವಯರ್ ನೋಡಿ." ಮೊದಮೊದಲು ಸಮಾಧಾನದಿಂದಲೇ ಹೇಳುತ್ತಿದ್ದ. ಆರಿಸಿ ಹಾಕಿ ಎಂದರೆ ಆರಿಸಿ ಹಾಕುತ್ತಿದ್ದಳು, ವಯರ್ ಕಿತ್ತು ಸಿಕ್ಕಿಸಿ ಎಂದರೆ ಕಿತ್ತು ಸಿಕ್ಕಿಸುತ್ತಿದ್ದಳು. "ಈಗ?" ಎಂದರೆ, "ಇಲ್ಲ ಸಾ" ಎನ್ನುತ್ತಿದ್ದಳು, ತಪ್ಪು ತನ್ನದೇ ಎಂಬಂತೆ. ಕೊನೆಯ ಸಲ ಮಾತಾಡುವಾಗ ಹಿಂದೆ ಯಾರೋ ಮುದುಕ ಕೆಮ್ಮುತ್ತಿದ್ದ. ಶಾಂತರಾಜುವಿಗೆ ಊಟದ ಹೊತ್ತು ಮೀರಿತ್ತು. "ನೋಡಿ, ಮನೆಗೆ ಬೇಗ ಹೋಗ್ಬೇಕು ಅಂದ್ರೆ ಹಾಗೇ ಹೇಳಿ ಹೋಗಿ. ಮಿಶಿನ್ ಮೇಲೆ ಹಾಕ್ಬೇಡಿ" ಎಂದುಬಿಟ್ಟ. ಆ ಕಡೆ ಫೋನು ಕಟ್ಟಾಯಿತು. ಆಗ ತನಗೆ ಒಂದು ಬಗೆಯ ಗೆಲುವೆನಿಸಿದ್ದು ಈಗ ನೆನಪಾಗಿ ಕಿವಿ ಬಿಸಿಯಾಯಿತು. ಸಂಜೆ, ಗೆಳೆಯನೂ ಕಂಪನಿಯ ಮಾಲೀಕನೂ ಆದ ದೇವರಾಜುವಿಗೆ ಅದನ್ನು ಅವಳ ದನಿಯಲ್ಲೇ ಆಡಿ ತೋರಿಸಿದ್ದ. ಇಬ್ಬರೂ ನಕ್ಕಿದ್ದರು. ದೇವರಾಜು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ನಂಜಯ್ಯ ಫೋನು ಮಾಡಿ ಲೈನಿನ ವಿಷಯ ಕೇಳಿದಾಗ, ಹಸಿರು ಚುಕ್ಕೆಯ ಫೋಟೋ ತೆಗೆದು ಕಳಿಸಿದವನೂ ಶಾಂತರಾಜುವೇ. ಅದರ ಬಲದ ಮೇಲೆ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡವೆಂದು ಅವಳಿಗೆ ನೋಟಿಸು ಹೋಗಿ ಹದಿನೈದು ದಿನವಾಗಿತ್ತು.

ಹಳ್ಳಿಗಳ ಟವರ್ ಕೆಳಗೆ ಲೈನ್ ಕೊಡುವ ಪೆಟ್ಟಿಗೆಗಳನ್ನು ಕೊಳ್ಳೇಗಾಲದಲ್ಲಿ ಕೂತೇ ನೋಡಿಕೊಂಡು ನಕ್ಷೆಯಲ್ಲಿ ಚುಕ್ಕೆ ಹಾಕುವ ಆ ಸಾಫ್ಟ್‌ವೇರನ್ನು ಬರೆದವನು ಅವನು. ಅದು ಐದು ನಿಮಿಷಕ್ಕೊಮ್ಮೆ ಪ್ರತಿ ಪೆಟ್ಟಿಗೆಯನ್ನೂ ಹೇಗಿದ್ದೀಯೆಂದು ಕೇಳುತ್ತದೆ. ಪೆಟ್ಟಿಗೆ ಎಕ್ಸ್‌ಎಂಎಲ್ ಎಂಬ ಬರವಣಿಗೆಯಲ್ಲಿ ಉತ್ತರ ಕೊಡುತ್ತದೆ. ಪ್ರತಿ ಸಂಗತಿಗೂ ಮುಂದೊಂದು ತೆರೆಯುವ ಗುರುತು, ಕೊನೆಗೊಂದು ಮುಚ್ಚುವ ಗುರುತು, ನಡುವೆ ಮಾತು. ಅದನ್ನು ಓದಿ ಬಿಡಿಸಿಕೊಳ್ಳುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಓದುವುದೇನು ಮಹಾ ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಯಳಂದೂರಿನ ಪೆಟ್ಟಿಗೆ ಉತ್ತರಕ್ಕೆ ಮೊದಲು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿ ಕಳಿಸುತ್ತದೆ. ಹನೂರಿನ ಎರಡು ಪೆಟ್ಟಿಗೆಗಳು ಗುರುತುಗಳನ್ನೆಲ್ಲ ದೊಡ್ಡಕ್ಷರದಲ್ಲಿ ಬರೆಯುತ್ತವೆ. ಬೆಟ್ಟದ ದಾರಿಯದೊಂದು ಬಿಸಿಲೇರಿದಾಗ ಉತ್ತರವೇ ಕೊಡದೆ ಪಾಸ್‌ವರ್ಡ್ ಕೇಳುವ ಪುಟ ಕಳಿಸುತ್ತದೆ. ಇಂಥ ಒಂದೊಂದು ಚಾಳಿಯನ್ನೂ ಅವನು ಮನೆಯ ಹಿರಿಯರ ಚಾಳಿಗಳನ್ನು ಸಹಿಸುವ ಹಾಗೆ ಸಹಿಸಿ, ಅದಕ್ಕೊಂದು ದಾರಿ ಬರೆದಿದ್ದ. ಎಂಥ ಉತ್ತರ ಬಂದರೂ ಪ್ರೋಗ್ರಾಂ ಬೀಳಬಾರದು. ಆದರೆ ಒಂದು ವಿಷಯದಲ್ಲಿ ಅವನು ಬಿಗಿ: ಕೊನೆಯ ಗುರುತು ಮುಚ್ಚಿರದಿದ್ದರೆ ಅದು ಉತ್ತರವೇ ಅಲ್ಲ. ಆಗ ಹಸಿರೂ ಅಲ್ಲ, ಕೆಂಪೂ ಅಲ್ಲ, ಬೂದಿ ಬಣ್ಣ. ಗೊತ್ತಿಲ್ಲ ಎಂಬುದರ ಬಣ್ಣ ಅದು. ಜೀವಮಾನದಲ್ಲಿ ತಾನು ಮಾಡಿದ ಕೆಲಸಗಳಲ್ಲಿ ಪೂರ್ತಿ ಪ್ರಾಮಾಣಿಕವಾದದ್ದು ಇದೊಂದೇ ಎಂದು ಅವನು ಗುಟ್ಟಾಗಿ ನಂಬಿದ್ದ.

ನೂರು ಎಂಬ ಅಂಕಿಯ ಕಾಟ ತಾಳಲಾರದೆ ಅವನು ಲೊಕ್ಕನಹಳ್ಳಿ ಪೆಟ್ಟಿಗೆಯಿಂದ ಬಂದ ಮೂಲ ಉತ್ತರಗಳನ್ನು ತೆರೆದ. ಕಳೆದ ತಿಂಗಳ ಒಂದು ಸೋಮವಾರ. ಮೊದಲ ಉತ್ತರ: ತೆರೆಯುವ ಗುರುತು, ಲೈನ್ ಇದೆ ಎಂಬ ಮಾತು, ಮುಚ್ಚುವ ಗುರುತಿನ ಮೊದಲ ಎರಡಕ್ಷರ. ಮುಂದೆ ಏನೂ ಇಲ್ಲ. ಐದು ನಿಮಿಷದ ಮೇಲಿನದು ಖಾಲಿ. ಅದರಾಚೆಯದು ಮತ್ತೆ ಅರ್ಧ. ಕೆಳಗೆ ಸರಿಸುತ್ತ ಹೋದ. ದಿನವಿಡೀ ಅರ್ಧ, ಖಾಲಿ, ಅರ್ಧ. ಪೆಟ್ಟಿಗೆಯ ಬ್ಯಾಟರಿ ಸತ್ತಿತ್ತು. ಅದು ಒಂದು ನಿಮಿಷ ಎದ್ದು, ಹಳೆಯ ನೆನಪಿನಿಂದ ಲೈನ್ ಇದೆ ಎಂದು ಹೇಳಲು ಶುರುಮಾಡಿ, ಮಾತು ಮುಗಿಯುವ ಮುಂಚೆ ಮತ್ತೆ ಬೀಳುತ್ತಿತ್ತು. ಆ ಸೋಮವಾರವೆಲ್ಲ ಬೂದಿ ಬಣ್ಣ ಇರಬೇಕಿತ್ತು. ಹಸಿರಿತ್ತು. ಅವನು ಪಾರ್ಸರಿನ ಒಳಗೆ ಹೋದ. ತಾನು ಬಿಗಿಯಾಗಿದ್ದ ಆ ಜಾಗದಲ್ಲಿ ತನ್ನದಲ್ಲದ ಆರು ಸಾಲುಗಳಿದ್ದವು. ಗುರುತು ಮುಚ್ಚಿರದಿದ್ದರೂ ಒಳಗೆಲ್ಲಾದರೂ 'ಇದೆ' ಎಂಬ ಪದ ಸಿಕ್ಕರೆ ಅದನ್ನೇ ಹಿಡಿ. ಏನೂ ಸಿಗದಿದ್ದರೆ ಹಿಂದಿನ ಉತ್ತರವನ್ನೇ ಮುಂದುವರಿಸು. ಬರೆದವನು ದೇವರಾಜು. ಹೋದ ವರ್ಷದ ಶ್ರಾವಣದ ದಿನಾಂಕ. ಅದರ ಕೆಳಗೆ, ನೋಡಿ ಒಪ್ಪಿದವನು: ಶಾಂತರಾಜು.

ದೇವರಾಜು. ಮುಳ್ಳೂರಿನ ಒಂದೇ ಬೀದಿಯವರು, ಒಂದೇ ಬೆಂಚಿನವರು. ಶಾಂತರಾಜು ಮೂರು ವರ್ಷ ಕೆಲಸವಿಲ್ಲದೆ ಮನೆಯ ಹಿಂಬಾಗಿಲಿನಿಂದ ಓಡಾಡುತ್ತಿದ್ದ ಕಾಲದಲ್ಲಿ, ಮುಂಬಾಗಿಲಿಗೆ ಬೈಕು ತಂದು ನಿಲ್ಲಿಸಿ, "ಹತ್ಲಾ, ಕಂಪನಿ ಮಾಡೀವ್ನಿ, ನೀನಿಲ್ದೆ ಆಗಲ್ಲ" ಎಂದವನು. ಹೋದ ಶ್ರಾವಣದಲ್ಲಿ ಇಬ್ಬರೂ ಯಳಂದೂರಿನ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದರು. ದೇವರಾಜು ಇವನ ಮೊಬೈಲನ್ನೇ ಎಲೆಯ ಪಕ್ಕಕ್ಕೆ ಸರಿಸಿ, "ಸುಮ್ಸುಮ್ನೆ ಚುಕ್ಕೆ ಬೂದಿ ಆಯ್ತದೆ ಅಂತ ಜನ ಬೈತಾವ್ರೆ. ವಸಿ ಗಟ್ಟಿ ಮಾಡೀನಿ, ಓಕೆ ಒತ್ತು" ಎಂದಿದ್ದ. ಶಾಂತರಾಜುವಿನ ಬಲಗೈ ಅನ್ನದಲ್ಲಿತ್ತು. ಎಡಗೈ ಹೆಬ್ಬೆರಳಿನಿಂದ ಒತ್ತಿದ್ದ. ನೋಡಿದ್ದೆನೇ? ಇಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅನ್ನಿಸುತ್ತಿದ್ದದ್ದು ಮಾತ್ರ ನೆನಪಿದೆ.

ಫೋನು ಮಾಡಿದ. ದೇವರಾಜು ಯಳಂದೂರಿನಲ್ಲೇ ಇದ್ದ, ಹೊಸ ಕಂಬದ ಕೆಲಸ ನಡೆಯುತ್ತಿತ್ತು.

"ಪಾರ್ಸರ್ ಒಳಗೆ ಏನ್ಲಾ ಮಾಡಿದ್ದೀಯ ನೀನು?"

"ಯಾವ್ದು? ಓ, ಅದಾ. ತೋರಿಸಿ ತಾನೇ ಮಾಡಿದ್ದು? ನೀನೇ ಒತ್ತಿದ್ದೀಯ."

"ಲೊಕ್ಕನಹಳ್ಳಿ ಬ್ಯಾಟರಿ ಸತ್ತೋಗಿದೆ."

"ಗೊತ್ತು ಕಣ್ಲಾ. ಮೂರು ತಿಂಗ್ಳಾಯ್ತು. ಮುಂದಿನ ತಿಂಗ್ಳು ಹಾಕಿಸ್ತೀನಿ. ಈಗ ಗುತ್ತಿಗೆ ಮುಂದುವರಿಸೋ ಟೈಮು, ಬಾಯ್ಬುಟ್ಟೀಯ."

ಗೊತ್ತು ಎಂಬ ಆ ಮಾತು ಅಷ್ಟು ಸರಾಗವಾಗಿ ಬಂದದ್ದರಿಂದ ಶಾಂತರಾಜುವಿಗೆ ಮೊದಲು ಅದು ತಾಗಲೇ ಇಲ್ಲ. ಫೋನು ಇಟ್ಟಮೇಲೆ ತಾಗಿತು. ಮೂರು ತಿಂಗಳಿಂದ ಗೊತ್ತಿತ್ತು. ಹಾಗಾದರೆ ಆ ಸಂಜೆ, ತಾನು ಯಶೋದಳ ದನಿಯನ್ನು ಅಣಕಿಸುತ್ತಿದ್ದಾಗ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನಿಗೆ ಅವಳು ಹೇಳಿದ್ದು ನಿಜವೆಂದು ಗೊತ್ತಿತ್ತು. ಅವನು ನಕ್ಕಿದ್ದು ಅವಳನ್ನು ನೆನೆದಲ್ಲ, ತನ್ನನ್ನು ನೋಡಿ. ಸಾಲುಗಳನ್ನು ಬದಲಾಯಿಸಿದ್ದನ್ನು, ಸುಳ್ಳು ಹೇಳಿಸಿದ್ದನ್ನು ಹೇಗಾದರೂ ನುಂಗಬಹುದಿತ್ತು. ಆ ನಗುವನ್ನು ನುಂಗಲು ಆಗಲಿಲ್ಲ. ಅವನು ಆ ಆರು ಸಾಲುಗಳನ್ನು ಅಳಿಸಿದ. ತನ್ನ ಹಳೆಯ ಸಾಲುಗಳನ್ನು ಅಲ್ಲಿಟ್ಟ. ಐದು ನಿಮಿಷ ಕಾದ. ನಕ್ಷೆಯ ಮೇಲೆ ಲೊಕ್ಕನಹಳ್ಳಿ ಬೂದಿಯಾಯಿತು. ಅದೊಂದೇ ಎಂದುಕೊಂಡಿದ್ದ. ಅದರ ಪಕ್ಕದ್ದೊಂದು, ಬೆಟ್ಟದ ದಾರಿಯವು ಎರಡು, ಹೊಳೆಯ ಕಡೆಯದೊಂದು, ಹೀಗೆ ನೋಡನೋಡುತ್ತ ಹನ್ನೊಂದು ಚುಕ್ಕೆಗಳು ಬಣ್ಣ ಕಳೆದುಕೊಂಡವು. ಆ ಹನ್ನೊಂದು ಊರುಗಳಿಂದ ಬಂದ ಫೋನುಗಳಿಗೂ ತಾನು ಏನು ಹೇಳುತ್ತಿದ್ದೆನೆಂದು ನೆನಪಾಗತೊಡಗಿತು. ಸಹಿಯಿಲ್ಲದ ವರದಿಯನ್ನು ಚೀಲಕ್ಕೆ ಹಾಕಿ, ಅದರ ಜೊತೆ ಆ ಸೋಮವಾರದ ಅರ್ಧ ಉತ್ತರಗಳನ್ನೂ ಪ್ರಿಂಟು ಮಾಡಿಕೊಂಡು ಬಸ್ಸಿಗೆ ಹೊರಟ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಾಮಗೆರೆ ದಾಟುವವರೆಗೂ ಅವನು ತನಗೆ ಸಿಟ್ಟು ಬರಲೆಂದು ಕಾಯುತ್ತಿದ್ದ. ಬರಲಿಲ್ಲ. ಬದಲಿಗೆ ದೇವರಾಜುವಿನ ಪರವಾಗಿ ವಾದಗಳು ಒಂದರ ಮೇಲೊಂದು ಬಂದವು. ಪಾಪ, ಅವನ ಮೇಲೂ ಒತ್ತಡವಿದೆ. ಅವನಿಲ್ಲದಿದ್ದರೆ ನಾನು ಇವತ್ತಿಗೂ ಹಿಂಬಾಗಿಲಿನವನೇ. ಪ್ರೋಗ್ರಾಂ ಬೀಳಬಾರದು ಎಂದು ಅವನಿಗೆ ನೂರು ಸಲ ಹೇಳಿಕೊಟ್ಟವನು ನಾನೇ ಅಲ್ಲವೇ? ಬೀಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಇರುವ ಗೆರೆಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಎದುರಿನ ಸೀಟಿನ ಹೆಂಗಸೊಬ್ಬಳು ಮಡಿಲಲ್ಲಿದ್ದ ಮಗುವಿಗೆ ಹೊರಗಿನ ಜೋಳದ ಹೊಲ ತೋರಿಸುತ್ತಿದ್ದಳು. ಮಗು ಹೊಲ ನೋಡದೆ ಅವನನ್ನೇ ನೋಡುತ್ತಿತ್ತು. ಅವನು ಮುಖ ತಿರುಗಿಸಿದ. ಮುಖದಲ್ಲಿ ಏನೋ ಕಾಣುತ್ತಿರಬೇಕು ಎಂಬ ಅನುಮಾನ ಹನೂರು ಬರುವವರೆಗೂ ಬಿಡಲಿಲ್ಲ.

ಏಜೆನ್ಸಿಯ ಕಚೇರಿ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯಲ್ಲಿತ್ತು. ಒಳಗೆ ನಂಜಯ್ಯ ಮೇಜಿನ ಹಿಂದೆ, ಗೋಡೆ ಪಕ್ಕದ ಬೆಂಚಿನ ಒಂದು ತುದಿಯಲ್ಲಿ ಬಿಳಿ ಪಂಚೆಯ ಮುದುಕ, ಇನ್ನೊಂದು ತುದಿಯಲ್ಲಿ ಇಪ್ಪತ್ತೈದರ ಒಳಗಿನ ಒಬ್ಬ ಹೆಣ್ಣುಮಗಳು. ಅವಳೇ ಯಶೋದ ಎಂದು ತಿಳಿಯಲು ಕಷ್ಟವಾಗಲಿಲ್ಲ. ಸಣ್ಣ ಹುಡುಗಿ. ಫೋನಿನ ದನಿಗೆ ಅವನು ಇನ್ನಷ್ಟು ವಯಸ್ಸು, ಇನ್ನಷ್ಟು ಕಪಟ ಕಟ್ಟಿಕೊಂಡಿದ್ದ. ಮುದುಕ ಕೆಂಚಯ್ಯ, ದೂರು ಕೊಟ್ಟವನು. ಪಿಂಚಣಿ ಮುಂದುವರಿಯಬೇಕಾದರೆ ತಾನು ಬದುಕಿದ್ದೇನೆಂದು ಆತ ಕೇಂದ್ರಕ್ಕೆ ಬಂದು ಹೆಬ್ಬೆಟ್ಟು ಕೊಡಬೇಕಿತ್ತು. ಐದು ಸಲ ನಡೆದು ಬಂದು ಐದು ಸಲವೂ ವಾಪಸು ಹೋಗಿದ್ದ. ಗಡುವು ದಾಟಿತ್ತು.

"ನಾನ್ ಯಾರ್ ಮ್ಯಾಲೂ ಬೇಕಂತ ಏಳಿಲ್ಲ ಸಾ" ಎಂದ ಕೆಂಚಯ್ಯ. "ಈ ಯವ್ವ ಮಿಶಿನ್ ಮುಂದೆ ಕುಂತ್ಕಂಡು ಇಲ್ಲ ಇಲ್ಲ ಅಂತಿತ್ತು. ಕೊಳ್ಳೇಗಾಲದೋರು ಅದೆ ಅಂತಾವ್ರೆ ಅಂದ್ರು. ಇಬ್ರಲ್ಲಿ ಒಬ್ರು ಸುಳ್ಳು ತಾನೇ?"

ನಂಜಯ್ಯ ಕೈ ಚಾಚಿದರು. "ಕೊಡಿ ಶಾಂತರಾಜು, ವರದಿ."

ಕೊಟ್ಟುಬಿಡಬಹುದಿತ್ತು. ಆ ಒಂದು ಕ್ಷಣ ಅವನ ಕೈ ಚೀಲದೊಳಗೆ ನಾಲ್ಕು ಹಾಳೆಯ ವರದಿಯನ್ನೇ ಹಿಡಿದಿತ್ತು. ಹೊರತೆಗೆದದ್ದು ಇನ್ನೊಂದನ್ನು. "ಸರ್, ವರದಿ ಸುಳ್ಳು. ಲೈನ್ ಇರಲಿಲ್ಲ. ಇವರು ಹೇಳಿದ್ದೇ ನಿಜ" ಎಂದ. ತನ್ನ ದನಿ ಅಷ್ಟು ಸಣ್ಣದಾಗಿ ಬಂದದ್ದಕ್ಕೆ ನಾಚಿಕೆಯಾಗಿ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ಪೆಟ್ಟಿಗೆ ಹೇಗೆ ಅರ್ಧ ಮಾತಾಡಿ ಬೀಳುತ್ತಿತ್ತು, ಸಾಫ್ಟ್‌ವೇರ್ ಆ ಅರ್ಧವನ್ನೇ ಪೂರ್ತಿಯೆಂದು ಹೇಗೆ ತೋರಿಸುತ್ತಿತ್ತು ಎಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ನಂಜಯ್ಯ ಹಾಳೆ ನೋಡಲಿಲ್ಲ, ಅವನನ್ನು ನೋಡಿದರು.

"ಹದಿನೈದು ದಿನದ ಹಿಂದೆ ಫೋಟೋ ಕಳ್ಸಿದ್ದು ನೀವೇ ಅಲ್ವೇನ್ರಿ?"

"ಹೌದು ಸರ್."

"ಆಗ ನಿಜ, ಈಗ ಸುಳ್ಳು. ಯಾರಿಗ್ರೀ ಆಟ ಇದು?" ಎಂದು ಫೋನು ತೆಗೆದು ದೇವರಾಜುವಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಗಂಟೆ ಬಾರಿಸುತ್ತಿದ್ದಷ್ಟು ಹೊತ್ತು ಶಾಂತರಾಜು ಮನಸ್ಸಿನಲ್ಲೇ ಬೇಡಿಕೊಂಡ. ತಪ್ಪು ನನ್ನದು ಎಂದು ಅವನು ಹೇಳುವುದು ಬೇಡ. ನಮ್ಮದು ಎಂದರೆ ಸಾಕು.

"ನಮಸ್ಕಾರ ಸಾ" ಎಂದಿತು ದೇವರಾಜುವಿನ ದನಿ. ನಂಜಯ್ಯ ವಿಷಯ ಹೇಳಿದರು. ಆ ಕಡೆ ಒಂದು ಗಳಿಗೆಯೂ ತಡವಾಗಲಿಲ್ಲ. "ಸಾ, ಸಾಫ್ಟ್‌ವೇರ್ ಎಲ್ಲಾ ಶಾಂತರಾಜು ಅವ್ರೇ ನೋಡ್ಕೊಳೋದು. ಅವ್ರು ನೋಡಿ ಒಪ್ದೆ ಅದ್ರೊಳಗೆ ಒಂದಕ್ಷರನೂ ಓಗಲ್ಲ. ಅವ್ರಿಂದ ತಪ್ಪಾಗಿದ್ರೆ ಕಂಪನಿ ಕ್ರಮ ತಕಳ್ತದೆ ಸಾ."

ಶಾಂತರಾಜು ಅವ್ರು. ಮೂವತ್ತು ವರ್ಷದಲ್ಲಿ ದೇವರಾಜು ಅವನನ್ನು ಲೇ ಎಂದಿದ್ದ, ಶಾಂತ ಎಂದಿದ್ದ, ಸಿಟ್ಟು ಬಂದಾಗ ಬಾಯಿಗೆ ಬಂದದ್ದೆಲ್ಲ ಎಂದಿದ್ದ. ಅವ್ರು ಎಂದಿರಲಿಲ್ಲ. ಆ ಮರ್ಯಾದೆಯ ಮಾತು ಮೇಜಿನ ಮೇಲಿನ ಫೋನಿನಿಂದ ಎದ್ದು ಬಂದು ಅವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿತು. ಬರೆದವನು ನೀನೇ ಎಂದು ಕೂಗಬಹುದಿತ್ತು. ಆದರೆ ದೇವರಾಜು ಆಡಿದ್ದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಪದವೂ ಇರಲಿಲ್ಲ. ನೋಡಿ ಒಪ್ಪಿದವನು ಅವನೇ. ನೋಡದೆ ಒಪ್ಪಿದ್ದೆ ಎಂದು ಇಲ್ಲಿ, ಇವರ ಮುಂದೆ, ಹೇಗೆ ಹೇಳುವುದು? "ನಾನೇ ಒಪ್ಪಿದ್ದು" ಎಂದ. ನಂಜಯ್ಯ ಬರೆದುಕೊಡಿ ಎಂದರು. ಬರೆದುಕೊಟ್ಟ. ಬೆಳಿಗ್ಗೆಯಿಂದ ಹಾಕಲಾಗದ ಸಹಿ ಈ ಕಾಗದದ ಕೆಳಗೆ ಸಲೀಸಾಗಿ ಬಿತ್ತು. ನಂಜಯ್ಯ ಅದನ್ನು ಎರಡು ಸಲ ಓದಿ, ಯಶೋದಳ ಕಡೆ ತಿರುಗಿ, "ನೋಟಿಸು ರದ್ದು. ಸೋಮವಾರದಿಂದ ಬಾರಮ್ಮ. ಈ ಯಜಮಾನರದ್ದು ನಾನು ಮೇಲೆ ಬರೀತೀನಿ, ಇಲ್ಲೇ ಹೆಬ್ಬೆಟ್ಟು ತಗೊಳ್ಳೋಣ" ಎಂದರು. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

ಮೆಟ್ಟಿಲ ಕೆಳಗೆ, ಗೊಬ್ಬರದ ಮೂಟೆಗಳ ಪಕ್ಕ, ಅವನು ಅವಳಿಗಾಗಿ ನಿಂತಿದ್ದ. ಕ್ಷಮೆ ಕೇಳಲು ಪದಗಳನ್ನು ಜೋಡಿಸಿಕೊಂಡಿದ್ದ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

"ಸಾ, ನೀವು ಅಂಗಂದ್ರಲ್ಲ, ಮಿಶಿನ್ ಮ್ಯಾಲೆ ಹಾಕ್ಬೇಡಿ ಅಂತ. ಅದಾದ್ಮ್ಯಾಕೆ ನನಗೇ ಅನುಮಾನ ಬಂದ್ಬುಡ್ತು. ಕಣ್ಮುಂದೆ ಲೈನಿಲ್ಲ ಅಂತ ಬಂದ್ರೂ ನಾನೇ ಏನೋ ತಪ್ಪು ಒತ್ತೀನಿ ಅಂತ ಅನ್ನುಸ್ತಿತ್ತು. ಮೊನ್ನೆ ಕೆಂಚಯ್ಯನ ಕಾಲಿಡ್ಕಂಡು ತಪ್ಪಾಯ್ತು ಅಂದೆ. ಮಾಡ್ದೆ ಇರೋ ತಪ್ಪುನ್ನ."



"ಊರ್ಗೆ ಬನ್ನಿ" ಎಂದಳು. "ಇಲ್ಲಿ ಏಳಿದ್ರೆ ಏನ್ ಬಂತು? ನಮ್ಮವ್ವನ್ಗೆ ಏಳಿ. ನೋಟೀಸು ಬಂದಾಗಿಂದ ನನ್ಕೂಡೆ ಮಾತಾಡಾಕಿಲ್ಲ."

ಲೊಕ್ಕನಹಳ್ಳಿಯ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ದಾರಿಯಲ್ಲಿ ದೇವರಾಜುವಿನ ಫೋನು ಬಂತು. ತೆಗೆದ. "ಲೇ ಶಾಂತ, ಸ್ಪೀಕರಲ್ಲಿ ಹಾಕವ್ರೆ ಅಂತ ಗೊತ್ತಾಯ್ತು ಕಣ್ಲಾ, ಬ್ಯಾರೆ ಏನ್ ಏಳನ? ಕಂಪನಿ ಉಳೀಬೇಕಲ್ಲ. ನಾಕು ದಿನ ಮನೇಲಿರು, ನಾನು ಸರಿ ಮಾಡ್ತೀನಿ. ಮೊದ್ಲು ಆ ಚುಕ್ಕೆಗಳ್ನ ಹಸಿರು ಮಾಡು, ಹನ್ನೊಂದು ಕಡೆ ಬೂದಿ ಕಾಣ್ತಾದೆ." ಅದೇ ಹಳೆಯ ದನಿ, ಬೈಕಿನ ಮೇಲಿನ ದನಿ. ಅದನ್ನು ಕೇಳಿದೊಡನೆ ಆಯ್ತು ಕಣ್ಲಾ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಮೋಸ ಹೋದವನಿಗೆ ಸಿಟ್ಟಿಗಿಂತ ಮೊದಲು ಬರುವುದು ಮತ್ತೆ ನಂಬುವ ಆಸೆ ಎಂದು ಅವನಿಗೆ ಗೊತ್ತಿರಲಿಲ್ಲ. "ಆಗಲ್ಲ" ಎಂದ. "ಆಗಲ್ಲ ಅಂದ್ರೆ?" "ಗೊತ್ತಿಲ್ದೆ ಇರೋದನ್ನ ಗೊತ್ತಿಲ್ಲ ಅಂತಾನೇ ತೋರಿಸ್ಬೇಕು. ಬ್ಯಾಟರಿ ಹಾಕ್ಸು, ತಾನಾಗೇ ಹಸಿರಾಗುತ್ತೆ." ದೇವರಾಜು, "ನಾಳೆ ಆಫೀಸ್ ಬೀಗದ ಕೈ ಕೊಟ್ಟೋಗು" ಎಂದ.

ಯಶೋದಳ ತಾಯಿ ರಂಗಮ್ಮ ಜಗಲಿಯ ಮೇಲೆ ಅಲಸಂದೆ ಕಾಯಿ ಬಿಡಿಸುತ್ತಿದ್ದಳು. ಮಗಳನ್ನು ನೋಡಿಯೂ ನೋಡದವಳಂತೆ ಕೆಲಸ ಮುಂದುವರಿಸಿ, ಹಿಂದೆ ಬಂದವನನ್ನು ಕಂಡು ತಲೆಯೆತ್ತಿದಳು. "ಯಾರಪ್ಪ ನೀನು?"

ಅವನು ಅಂಗಳದಲ್ಲೇ ನಿಂತು ಹೇಳಿದ. ಪಾರ್ಸರಿನ ಮಾತು ಇಲ್ಲಿ ಬೇಕಿರಲಿಲ್ಲ. ನಿಮ್ಮ ಮಗಳು ಸುಳ್ಳು ಹೇಳುತ್ತಾಳೆಂದು ಬಂದ ಕಾಗದಕ್ಕೆ ಕಾರಣ ನಾನು, ಅದು ಸುಳ್ಳು, ಇವರು ಹೇಳಿದ್ದು ಮೊದಲಿಂದಲೂ ನಿಜ. ಇಡೀ ದಿನದಲ್ಲಿ ಅದನ್ನು ಅವನು ಮೂರನೆಯ ಸಲ ಹೇಳುತ್ತಿದ್ದ.

ರಂಗಮ್ಮ ಬಿಡಿಸುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು. "ಕಾಗ್ದದಲ್ಲಿ ಅಚ್ಚಾಗಿತ್ತಲ್ಲಪ್ಪ" ಎಂದಳು. "ಅಚ್ಚಾಗಿರೋದು ಸುಳ್ಳಾಗ್ತದಾ ಅಂತ ಬೀದೀಲಿ ನಿಲ್ಸಿ ಬೈದ್ನಲ್ಲ ನನ್ನ ಮಗ್ಳುನ್ನ." ಅವನಿಗೆ ಕೂರಲು ಹೇಳಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ. ಅದೇ ಸರಿಯೆಂದು ಅವನಿಗನಿಸಿತು. ಮಡಿಲಿನ ಸಿಪ್ಪೆಗಳನ್ನು ಕೊಡವಿ ಎದ್ದ ರಂಗಮ್ಮ, ಕಂಬಕ್ಕೆ ಒರಗಿ ನಿಂತಿದ್ದ ಮಗಳ ಹತ್ತಿರ ಹೋದಳು. ಮುಟ್ಟಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು.

"ನಾ ಅಂದಿದ್ನೆಲ್ಲ ಮನಸ್ನಲ್ಲಿ ಇಟ್ಕಂಡಿದ್ದೀಯೇನವ್ವ?"

ಯಶೋದ ನೆಲ ನೋಡುತ್ತಿದ್ದಳು. "ಇಲ್ಲ ಬುಡವ್ವ" ಎಂದಳು.

ಅದು ನಿಜವಲ್ಲವೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ತಾಯಿ ಅದನ್ನು ಹಾಗೆಯೇ ತೆಗೆದುಕೊಂಡು, ಮಗಳ ತಲೆಯ ಮೇಲೆ ಕೈಯಿಟ್ಟಳು. ಶಾಂತರಾಜು ಇನ್ನು ಅಲ್ಲಿ ನಿಲ್ಲಬಾರದೆಂದು ತಿರುಗಿ, ಬಿಸಿಲಿದ್ದ ಬೀದಿಗೆ ಇಳಿದ.